ಇಂಡಿಯ ಮೋಟರನ್ನು ನಿಲ್ಲಿಸಿದವರು ಯಾರು?

ರಾವಸಾಬರ ಬನಿಯನ್ನಿನ ಒಳಜೇಬು ಎರಡನೆಯ ಸಲ ಟಿಣ್ ಎಂದಿತು.

ಸಿಂದಗಿಯ ಹೊರವಲಯದಲ್ಲಿ, ಪೆಟ್ರೋಲ್ ಬಂಕಿನ ಮಗ್ಗುಲಿಗೆ ನಿಂತಿದ್ದ ಕ್ಯಾರವಾನಿನ ಹಿಂದೆ ಅವರು ಹಲ್ಲುಜ್ಜುತ್ತ ನಿಂತಿದ್ದರು. ಅತ್ತಿತ್ತ ನೋಡಿ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಹಳೆಯ ಫೋನನ್ನು ಹೊರಗೆಳೆದರು. ಮೊದಲ ಸಂದೇಶ ಅವರು ಕಾದಿದ್ದದ್ದೇ: ‘ಮೋಟರ್ ಚಾಲೂ’. ಎರಡನೆಯದನ್ನು ಓದಿದವರೇ ಬಾಯಲ್ಲಿದ್ದ ಪೇಸ್ಟನ್ನು ನುಂಗಿಬಿಟ್ಟರು. ‘ಮೋಟರ್ ಬಂದ್’.

ಬಂದ್ ಮಾಡಿದವರು ಯಾರು?

ಇಂಡಿ ಪಟ್ಟಣದ ಸಮೀಪದ ಅವರ ತೋಟದಲ್ಲಿ ನಿಂಬೆಗಿಡಗಳು ಕಾಯಿ ಕಚ್ಚಿ ನಿಂತಿದ್ದವು. ಏಪ್ರಿಲ್ ಬಿಸಿಲಿನಲ್ಲಿ ಮೂರು ದಿನ ನೀರು ತಪ್ಪಿದರೆ ಗೋಲಿಗಾತ್ರದ ಕಾಯಿಗಳೆಲ್ಲ ನೆಲ ಸೇರುವುದು ಖಚಿತ. ಬೋರಿನ ಮೋಟರಿಗೆ ಮೊಬೈಲ್ ಸ್ಟಾರ್ಟರ್ ಕೂಡಿಸಿದ್ದರು. ಅದರಲ್ಲಿ ದಾಖಲಾದ ನಂಬರಿನಿಂದ ಒಮ್ಮೆ ರಿಂಗ್ ಕೊಟ್ಟರೆ ಮೋಟರು ತಿರುಗುತ್ತದೆ, ಇನ್ನೊಮ್ಮೆ ಕೊಟ್ಟರೆ ನಿಲ್ಲುತ್ತದೆ. ತಿರುಗಿದರೂ ನಿಂತರೂ ಸಂದೇಶ ಬರುವುದು ರಾವಸಾಬರ ನಂಬರಿಗೆ ಮಾತ್ರ.

ಈ ಪ್ರವಾಸದಲ್ಲಿ ಆ ರಿಂಗಿಗೇ ಹೆಂಡತಿ ಸಾವಂತ್ರವ್ವ ನಿಷೇಧ ಹೇರಿದ್ದಳು.

“ಮಗಳ ಮದುವಿಯೊಳಗ ಅಕ್ಕಿಕಾಳ ಹಾಕೂ ಹೊತ್ತಿಗೆ ಹುಡುಗಿ ಅಪ್ಪ ಎಲ್ಲಿದ್ದ? ಮಂಟಪದ ಹಿಂದ ನಿಂತು ಮೋಟರಿಗೆ ಫೋನ್ ಹಚ್ಚಾಕತ್ತಿದ್ದ!” ಎಂದು ಹೊರಡುವ ಮುನ್ನ ಓಣಿಯ ಮಂದಿಯೆದುರೇ ಹಂಗಿಸಿದ್ದಳು. “ನಾಕ ದಿನ ಮೋಟರಿನ ಸುದ್ದಿ ಬಿಡ್ರಿ. ಒಂದ ಸಲ ರಿಂಗ್ ಕೊಟ್ರೂ ಸ್ಟಾರ್ಟರ್ ನನ್ನ ಹೆಸರಿಗೆ. ಆಮ್ಯಾಲೆ ನೀರ ಬಿಡೂದು, ನಿಂದ್ರಸೂದು, ಎಲ್ಲಾ ನನ್ನ ಮಾತು.”

“ಕಾಯಿ ಉದುರತಾವ ಮಾರಾಯ್ತಿ!”

“ಉದುರಿದ್ರ ಉದುರ್ಲಿ. ನನಗೇನು?”

ಓಣಿಯವರ ಎದುರು ರಾವಸಾಬರು ಮೀಸೆ ತಿರುವಿ ಒಪ್ಪಿಕೊಂಡರು. ಆದರೆ ಮೋಟರು ಕೈಬಿಟ್ಟರೆ ತೋಟ ಕೈಬಿಟ್ಟಂತೆ; ತೋಟ ಕೈಬಿಟ್ಟರೆ ಗುಡಿಕಟ್ಟೆಯ ಮೇಲೆ ಕುಳಿತು ಹೋಗಿಬರುವ ಬಸ್ಸು ನೋಡುವವರ ಸಾಲಿಗೆ ಸೇರಿದಂತೆ. ಆದ್ದರಿಂದಲೇ ಆ ರಾತ್ರಿ ಒಂದು ಕೈಚಳಕ ನಡೆಯಿತು. ಸಾವಂತ್ರವ್ವ ಗಂಡನ ದೊಡ್ಡ ಫೋನನ್ನು ವಿಜಯದ ನಗೆಯೊಡನೆ ಹಿಟ್ಟಿನ ಡಬ್ಬಿಯಲ್ಲಿಟ್ಟು ಬೀಗ ಹಾಕಿದಳು. ಅದರೊಳಗೆ ಸಿಮ್ ಇರಲಿಲ್ಲ. ಸಿಮ್ಮು ಹಳೆಯ ಫೋನಿಗೆ, ಹಳೆಯ ಫೋನು ಬನಿಯನ್ನಿಗೆ ಅದಾಗಲೇ ವರ್ಗವಾಗಿದ್ದವು.

ಇಷ್ಟೆಲ್ಲ ಜಾಣತನ ತೋರಿದ ಮೇಲೂ ಸಿಂದಗಿಯಲ್ಲಿ ಮೋಟರು ಬಂದ್ ಆಗಿತ್ತು. ಮತ್ತೊಂದು ರಿಂಗ್ ಕೊಡಬೇಕೆನ್ನುವಷ್ಟರಲ್ಲಿ ಗಾಡಿಯ ಮುಂಬದಿಯಿಂದ ಸಾವಂತ್ರವ್ವ ಬಂದಳು. ಕೈಯಲ್ಲಿ ಅವಳ ಫೋನಿತ್ತು.

“ಮಗಳ ಕೂಡ ಮಾತಾಡಿದೆ. ಆರಾಮ ಅದಾಳ. ನೀವ್ಯಾಕ ಹಿಂಗ ಬೆವತೀರಿ?”

“ಪೇಸ್ಟ್ ಖಾರ ಐತಿ” ಎಂದರು ರಾವಸಾಬರು.

ಗಾಡಿ ಹೊರಟಿತು. ಚಾಲಕನೂ ಒಡೆಯನೂ ಆದ ಮಂಜೂರ ಹಳೆಯ ಟೆಂಪೊ ಟ್ರಾವೆಲರಿಗೆ ಮಂಚ, ಒಲೆ, ಸಿಂಕು ಕೂಡಿಸಿ, ಛತ್ತಿನ ಮೇಲೆ ಸೋಲಾರ್ ಹಲಗೆಯನ್ನೂ ಸಿಗ್ನಲ್ ಹಿಡಿಯುವ ಉದ್ದನೆಯ ಕೋಲನ್ನೂ ನಿಲ್ಲಿಸಿದ್ದ. “ಕಾಕಾರ, ನನ್ನ ಗಾಡ್ಯಾಗ ನೀರ ಖಾಲಿ ಆಗಬಹುದು, ನೆಟ್ ಖಾಲಿ ಆಗೂದಿಲ್ರಿ” ಎಂದು ಕೊಚ್ಚಿಕೊಳ್ಳುತ್ತಿದ್ದ. ಮುದ್ದೇಬಿಹಾಳದ ದಾರಿಯಲ್ಲಿ ಆ ಕೋಲು ಒಂದು ಬೇವಿನ ಕೊಂಬೆಗೆ ತಗುಲಿ ಬಾಗಿತು. ಅಲ್ಲಿಂದ ಸಂಜೆಯವರೆಗೆ ಸಿಗ್ನಲ್ ಎಂಬುದು ಮಾತಿನಲ್ಲಷ್ಟೇ ಉಳಿಯಿತು. ತಂಗಡಗಿ ತಲುಪುವ ಮೊದಲು ರಾವಸಾಬರು ಮಂಜೂರನ ಕಿವಿಗೆ ಬಾಗಿ, “ಟವರ್ ಸಿಗೂ ಕಡೆ ನಿಂದ್ರಸಪಾ. ಅಕಿಗೆ ಹೇಳಬ್ಯಾಡ” ಎಂದರು. ಮಂಜೂರ ಹ್ಞೂಂ ಎಂದ. ಆದರೆ ಅವನ ಮುಖದ ಮೇಲೆ ಮೂಡಿದ ವಿಚಿತ್ರ ನಗೆಗೆ ಕಾರಣವೇನೆಂದು ಅವರು ಕೇಳಲಿಲ್ಲ.

ಮರುದಿನ ಬೆಳಿಗ್ಗೆ, ಹೊಲದ ಮೋಟರುಗಳಿಗೆ ಕೆಲವೇ ತಾಸು ಸಿಗುವ ತ್ರೀಫೇಸ್ ಕರೆಂಟು ಬರುವ ಹೊತ್ತಿಗೆ ರಾವಸಾಬರು ಕೃಷ್ಣೆಯ ದಡದ ಮುಳ್ಳುಕಂಟಿಯ ಮರೆಯಿಂದ ರಿಂಗ್ ಕೊಟ್ಟರು. ಚಾಲೂ. ನೆಮ್ಮದಿಯಿಂದ ಅಂಗಿ ಬನಿಯನ್ನುಗಳನ್ನು ಮಡಿಸಿ ಕಲ್ಲಿನ ಮೇಲಿಟ್ಟು ಹೊಳೆಗಿಳಿದು ಮಿಂದರು. ಮೈ ಒರೆಸಿಕೊಂಡು ಬಂದು ನೋಡಿದರೆ, ಅವರು ನೀರಿಗಿಳಿದ ಗಳಿಗೆಯಲ್ಲೇ ಮೋಟರು ಬಂದ್! ಗಿಡಗಳು ಮತ್ತೊಂದು ದಿನ ಒಣಗಿದವು. ತ್ರೀಫೇಸೂ ಹೋಗಿಯಾಗಿತ್ತು.

ಈಗ ಸಂಶಯಕ್ಕೆ ಒಬ್ಬನೇ ಉಳಿದ: ಪಕ್ಕದ ಹೊಲದ ಶ್ರೀಶೈಲಪ್ಪ. ಇಬ್ಬರದೂ ಒಂದೇ ಟ್ರಾನ್ಸ್‌ಫಾರ್ಮರು. ಇವರ ಮೋಟರು ನಿಂತರೆ ಅವನದು ಜೋರಾಗಿ ತಿರುಗುತ್ತದೆ. ಸ್ಟಾರ್ಟರಿನ ಡಬ್ಬಿಗೆ ಬೀಗವಿತ್ತು, ಕೀಲಿ ರಾವಸಾಬರ ಉಡದಾರದಲ್ಲಿತ್ತು. ಕಳ್ಳಕೀಲಿ ಮಾಡಿಸಿರಬೇಕು! ಹೊಳೆಯ ದಡದಿಂದಲೇ ಅವನಿಗೆ ಫೋನ್ ಹಚ್ಚಿದರು.

“ಲೇ ಶ್ರೀಶೈಲ್ಯಾ, ನನ್ನ ಮೋಟರ ಯಾಕ ಬಂದ್ ಮಾಡಾಕತ್ತಿ?”

“ರಾವಸಾಬಣ್ಣಾ, ಹೊಳ್ಯಾಗ ಮುಳುಗಿ ನೀರ ತಲಿಗೇರ್ಯಾವೇನು? ನಾ ನನ್ನ ಉಳ್ಳಾಗಡ್ಡಿ ರಾಶಿ ಕಾಯೂದ ಬಿಟ್ಟು ನಿನ್ನ ಮೋಟರ ಯಾಕ ಮುಟ್ಟಲಿ?”

“ಹಂಗಾದ್ರ ದೆವ್ವ ಮುಟ್ಟತೈತೇನು?”

“ನಾಳೆ ನಿನ್ನ ಶೆಡ್ಡಿನ ಮುಂದನ ಕೂಡತೇನಿ. ದೆವ್ವ ಬಂದ್ರ ಬೀಡಿ ಕೇಳ್ತೇನಿ. ಆತಿಲ್ಲೋ?”

ಮೂರನೆಯ ಬೆಳಗು. ಆಲಮಟ್ಟಿಯ ಹಿನ್ನೀರು ನೋಡಿಕೊಂಡು ಬಂದ ಗಾಡಿ ಗೊಳಸಂಗಿಯ ಬಳಿ ರಸ್ತೆಯ ಬದಿಗೆ ನಿಂತಿತ್ತು. ಇನ್ನೊಂದು ದಿನ ನೀರು ತಪ್ಪಿದರೆ ಕಾಯಿ ಉಳಿಯುವ ಮಾತೇ ಇಲ್ಲ. ರಾವಸಾಬರು ಗಾಡಿಯ ಹಿಂಬದಿಗೆ ಒರಗಿ ಗುಂಡಿಯ ಮೇಲೆ ಬೆರಳಿಟ್ಟರು. ಅಷ್ಟರಲ್ಲಿ, ಅವರು ಒತ್ತುವ ಮೊದಲೇ, ಫೋನು ಟಿಣ್ ಎಂದಿತು.

‘ಮೋಟರ್ ಚಾಲೂ’.

ನಾನು ಒತ್ತಲೇ ಇಲ್ಲವಲ್ಲ! ಮೆಲ್ಲನೆ ಗಾಡಿಯ ಮೂಲೆ ತಿರುಗಿದರು. ಅಲ್ಲಿ, ಮೂರು ಮಾರು ದೂರದಲ್ಲಿ, ಸಾವಂತ್ರವ್ವ ಕಿವಿಯಿಂದ ಫೋನು ಇಳಿಸುತ್ತಿದ್ದಳು.

ಅವಳೂ ಆ ಟಿಣ್ ಸದ್ದನ್ನು ಕೇಳಿದ್ದಳು.

“ಏನದು ಸಪ್ಪಳ?”

“ಜೀರುಂಡಿ.”

“ಬನಿಯನ್ ಒಳಗ?”

“ನೀ ಯಾರಿಗೆ ಫೋನ್ ಹಚ್ಚಿದ್ದಿ?”

“ಮಗಳಿಗೆ.”

“ಮಗಳಿಗೆ ಹಚ್ಚಿದ್ರ ಮೋಟರ ಯಾಕ ತಿರಗತೈತಿ?”

ಸಾವಂತ್ರವ್ವ ಸೊಂಟಕ್ಕೆ ಕೈಯಿಟ್ಟಳು. “ಮೋಟರ ತಿರಗಿದ್ದು ನಿಮಗ ಹ್ಯಾಂಗ ಗೊತ್ತಾತು? ನಿಮ್ಮ ಫೋನ್ ಹಿಟ್ಟಿನ ಡಬ್ಬ್ಯಾಗ ಐತಲ್ಲಾ?”

ಹೋದ ವರ್ಷ ತಾವು ಕಣ್ಣಿನ ಪೊರೆ ತೆಗೆಸಿಕೊಂಡು ಪಟ್ಟಿ ಕಟ್ಟಿಕೊಂಡು ಮಲಗಿದ್ದಾಗ ಮೆಕ್ಯಾನಿಕ್ ನಿಯಾಜನನ್ನು ಕರೆಸಿ, ಹೆಂಡತಿಯ ನಂಬರನ್ನೂ ಸ್ಟಾರ್ಟರಿಗೆ ಸೇರಿಸಿದ್ದು ರಾವಸಾಬರಿಗೆ ಈಗ ನೆನಪಾಯಿತು. ಮೂರು ದಿನಗಳ ಒಗಟು ಒಡೆಯಿತು. ಗಂಡ ಚಾಲೂ ಮಾಡಿದ್ದನ್ನು ಹೆಂಡತಿ ತಿಳಿಯದೆ ಬಂದ್ ಮಾಡಿದ್ದಳು. ಸಂದೇಶ ಅವಳಿಗೆ ಬರುವುದಿಲ್ಲವಾದ್ದರಿಂದ, ಗಿಡಗಳಿಗೆ ನೀರುಣಿಸಿದೆನೆಂದೇ ತಿಳಿದು ನೆಮ್ಮದಿಯಿಂದ ರೊಟ್ಟಿ ಬಡಿದಿದ್ದಳು.

“ಉದುರಿದ್ರ ಉದುರ್ಲಿ ಅಂದಾಕಿ ಯಾರು?” ರಾವಸಾಬರು ಕುಹಕದಿಂದ ಕೇಳಿದರು.

“ನಾ ಏನೂ ಮಾಡಿಲ್ಲ.”

“ನಾನೂ ಮಾಡಿಲ್ಲ.”

ಮಂಜೂರ ಇಬ್ಬರಿಗೂ ಚಹಾ ತಂದಿಟ್ಟ. “ಟವರ್ ಇದ್ದಲ್ಲೆ ನಿಂದ್ರಸು, ಅವರಿಗೆ ಹೇಳಬ್ಯಾಡ ಅಂತ ಇಬ್ಬರೂ ಆಣಿ ಹಾಕಿಸಿದ್ರಿ. ನಾ ಯಾರಿಗೂ ಹೇಳಿಲ್ರಿ” ಎಂದು ಘನತೆಯಿಂದ ನುಡಿದು ಸರಿದ.

ಚಹಾ ಮುಗಿಯಿತು. ತಿಂಡಿಯೂ ಮುಗಿಯಿತು. ಇಬ್ಬರೂ ತಪ್ಪೊಪ್ಪಿಕೊಳ್ಳಲಿಲ್ಲ, ಅತ್ತ ಮೋಟರು ತಿರುಗುತ್ತಲೇ ಇತ್ತು. ಆಗ ರಾವಸಾಬರ ಬನಿಯನ್ನು ಬೊಬ್ಬೆಯಿಟ್ಟಿತು. ಇನ್ನು ಮುಚ್ಚಿಡುವುದೇನು? ಫೋನು ತೆಗೆದು ಸ್ಪೀಕರಿಗೆ ಹಾಕಿದರು.

“ಅಣ್ಣಾ, ಬಂದ್ ಮಾಡೋ!” ಶ್ರೀಶೈಲಪ್ಪನ ಧ್ವನಿ ಸೀಳಿಹೋಗಿತ್ತು. “ನಿನ್ನ ಬದು ಒಡದು ನೀರ ನನ್ನ ಉಳ್ಳಾಗಡ್ಡಿ ರಾಶಿ ಕಡೆ ಹೊಂಟೈತಿ. ಡಬ್ಬಿಗೆ ಬೀಗಾ, ಕೀಲಿ ನಿನ್ನ ಸೊಂಟದಾಗ!”

“ನಾ ಪ್ರವಾಸದಾಗ ಅದೇನಿ. ಮೋಟರಿನ ಸುದ್ದಿ ನನಗ ಗೊತ್ತಿಲ್ಲ” ಎಂದರು ರಾವಸಾಬರು, ಹೆಂಡತಿಯನ್ನು ಓರೆಗಣ್ಣಿನಿಂದ ನೋಡುತ್ತ.

“ವೈನೀ, ನೀವರ ಹೇಳ್ರಿ!”

“ಮೋಟರಿನ ಮಾಲಕರು ಅವರು. ನನಗೇನು ತಿಳೀತೈತಪಾ?”

“ನಾಕ ಮಾರ ಐತಿ... ಎರಡ ಮಾರ ಐತಿ... ಯಾವ್ವಾ!”

ರಾವಸಾಬರು ಕರೆ ಕತ್ತರಿಸಿ ಎದ್ದು “ಕೈ ತೊಳೀತೇನಿ” ಎಂದು ಗಾಡಿಯ ಹಿಂದೆ ಓಡಿದರು. ಸಾವಂತ್ರವ್ವ “ಹಾಲು ಉಕ್ಕತೈತಿ” ಎಂದು ಒಳಗೋಡಿದಳು. ಒಲೆಯ ಮೇಲೆ ಹಾಲು ಇರಲೇ ಇಲ್ಲ. ರಾವಸಾಬರ ರಿಂಗ್ ಹೋಯಿತು. ಅದರ ಬೆನ್ನಿಗೇ ಸಾವಂತ್ರವ್ವನ ರಿಂಗೂ ಹೋಯಿತು. ಫೋನು ಟಿಣ್ ಟಿಣ್ ಎಂದು ಎರಡು ಸಲ ಸದ್ದು ಮಾಡಿತು. ಮರುಗಳಿಗೆಯಲ್ಲೇ ಶ್ರೀಶೈಲಪ್ಪ ಮತ್ತೆ ಕರೆ ಮಾಡಿದ.

“ನಿಂತಿತ್ತೋ ಅಣ್ಣಾ, ಮತ್ತ ಸುರು ಆತು! ಖರೇನ ದೆವ್ವ ಐತಿ!”

ರಾವಸಾಬರು ಮರಳಿ ಬಂದರು. ಸಾವಂತ್ರವ್ವ ಗಾಡಿಯ ಬಾಗಿಲಲ್ಲಿ ನಿಂತಿದ್ದಳು. ಇನ್ನು ಇಬ್ಬರೂ ಒತ್ತಿದರೆ ಇಂಡಿಯ ನೀರು ನಿಲ್ಲುವುದೇ ಇಲ್ಲ. ಒಬ್ಬರು ಕೈ ಹಿಂದೆಗೆಯಲೇಬೇಕು. ಸ್ಪೀಕರಿನಲ್ಲಿ ಶ್ರೀಶೈಲಪ್ಪ ಅಳುತ್ತಿದ್ದನೋ ಬೈಯುತ್ತಿದ್ದನೋ ತಿಳಿಯುತ್ತಿರಲಿಲ್ಲ. ರಾವಸಾಬರು ಆ ಕರೆ ಕತ್ತರಿಸಿ, ಪುಟ್ಟ ಫೋನನ್ನು ಹೆಂಡತಿಯ ಅಂಗೈಯಲ್ಲಿಟ್ಟರು.

“ನೀನ ಕೊಡು.”

“ಕೊಟ್ರ ಸ್ಟಾರ್ಟರ್ ನನ್ನ ಹೆಸರಿಗೆ.”

“ನಿನ್ನ ಹೆಸರಿಗೆ.”

“ಸಂದೇಶ?”

“ಅದೂ ನಿನಗ. ಒತ್ತ ಬೇ, ಉಳ್ಳಾಗಡ್ಡಿ ತೇಲತಾವ!”

ಸಾವಂತ್ರವ್ವ ಅವಸರಪಡಲಿಲ್ಲ. ಸೆರಗಿನಿಂದ ಬೆರಳು ಒರೆಸಿಕೊಂಡು, ಮಾಲಕರ ಗತ್ತಿನಲ್ಲಿ ಒತ್ತಿದಳು. ಸಂದೇಶ ಬಂತು: ‘ಮೋಟರ್ ಬಂದ್’. ಅವಳು ಅದನ್ನು ಎರಡು ಸಲ ಓದಿ, ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮಂಜೂರ ಎಂಜಿನ್ ಚಾಲೂ ಮಾಡಿ ಹೊರಗಿಣುಕಿದ. “ಬಸವನ ಬಾಗೇವಾಡಿಗೇನ್ರಿ ಕಾಕಾರ?”

“ಅವರನ್ನೇನ ಕೇಳ್ತಿ?” ಎಂದಳು ಸಾವಂತ್ರವ್ವ, ಮುಂದಿನ ಸೀಟಿನಲ್ಲಿ ಕೂಡುತ್ತ. “ಮೊದಲ ಆ ಕೋಲ ನೆಟ್ಟಗ ಮಾಡು. ನಾಳೆ ಮುಂಜಾನೆ ನನಗ ಕೆಲಸ ಐತಿ.”