ಬಿಸಿ ಒಲೆ ಹೊರುವವರು ಯಾರು

"ಬೆಂಕಿ ಆರಿಸು ಅಂದ್ರೆ ಮತ್ತೆ ಕೊರಡು ತುರುಕ್ತೀಯಲ್ಲೇ, ಮುದಿ ಮೂಳಿ! ಕಿವೀಲೇನು ಹತ್ತಿ ಇಟ್ಕೊಂಡಿದ್ದೀಯಾ?"

ಆಯಮ್ಮ ತಿರುಗಿ ನೋಡಲಿಲ್ಲ. ಒಲೆಯ ಕಬ್ಬಿಣದ ಬಾಯೊಳಕ್ಕೆ ಕೊರಡನ್ನು ಪೂರ್ತಿ ನೂಕಿ, ಇಕ್ಕಳದಿಂದ ಅದರ ಬಾಗಿಲು ಮುಚ್ಚಿದಳು. ಆರೋಗ್ಯ ಕೇಂದ್ರದ ಕಸ ಗುಡಿಸುವುದು, ಬಾಣಂತಿಯರ ಬಟ್ಟೆ ಒಗೆಯುವುದು, ಈ ಒಲೆಯನ್ನು ಕಾಯುವುದು ಅವಳ ಕೆಲಸ. ಪರದೆಯ ಆಚೆ ಹೆರಿಗೆ ನೋವಿನಿಂದ ನರಳುತ್ತಿದ್ದವಳು ಅವಳ ಸೊಸೆ.

ಬೈದವನು ಆರೋಗ್ಯ ಇಲಾಖೆಯ ಸಾಹೇಬ. ಬೆಳಿಗ್ಗೆ ಲಾರಿಯೊಂದಿಗೆ ಬಂದಿದ್ದ. ಈ ಕೇರಿಯ ಕೇಂದ್ರವನ್ನು ಚಳಿಗಾಲದಲ್ಲಿ ಮುಚ್ಚಬೇಕೆಂದೂ ಒಲೆಯನ್ನು ಕೆಳಗಿನ ಪಟ್ಟಣದ ಅಧಿಕಾರಿಗಳ ವಸತಿಗೃಹಕ್ಕೆ ಸಾಗಿಸಬೇಕೆಂದೂ ಆದೇಶವಾಗಿತ್ತು. ಸಂಜೆಯೊಳಗೆ ಹೊರಡದಿದ್ದರೆ ದಾರಿ ಹಿಮದಲ್ಲಿ ಹೂತುಹೋಗುತ್ತಿತ್ತು. ಮತ್ತೆ ತೆರೆಯುವುದು ಹಿಮ ಕರಗಿದ ಮೇಲೆಯೇ.

ಉತ್ತರದ ತುದಿಯ ಆ ಗಣಿ ಕೇರಿಯಲ್ಲಿ ಬಿಟ್ಟ ಉಸಿರು ಮೀಸೆಯ ಮೇಲೆಯೇ ಹೆಪ್ಪುಗಟ್ಟುತ್ತಿತ್ತು. ಒಲೆ ಆರಿದರೆ ಸೀಸೆಯೊಳಗಿನ ಔಷಧಿಯೂ ಕಲ್ಲಾಗುತ್ತಿತ್ತು. ಇಲಾಖೆ ಔಷಧಿ ಕೊಡುತ್ತಿತ್ತು, ಸೌದೆ ಕೊಡುತ್ತಿರಲಿಲ್ಲ. ಆದ್ದರಿಂದ ಕಲ್ಲು ಒಡೆಯುವ ಆ ಜನ ತಾವೇ ಒಂದು ಕಟ್ಟಳೆ ಮಾಡಿಕೊಂಡಿದ್ದರು: ಹೊಸ್ತಿಲು ದಾಟುವವನ ಕೈಯಲ್ಲಿ ಒಂದು ಕೊರಡಿರಬೇಕು. ಹಲ್ಲು ನೋವಿನವನಿಗೂ ಅಷ್ಟೆ, ರೋಗಿಯನ್ನು ನೋಡಲು ಬಂದ ನೆಂಟನಿಗೂ ಅಷ್ಟೆ. ಸಾಹೇಬ ಬರಿಗೈಯಲ್ಲಿ ಬಂದಿದ್ದ.

"ಹೊರೋಕೆ ಕರೆಸಿದ್ದೀನಲ್ಲ, ಎಲ್ಲಿ ಆ ಎಮ್ಮೆಗಳು?"

ಬಾಗಿಲಲ್ಲಿ ಗಣಿಯ ಇಬ್ಬರು ಕೂಲಿಗಳು ನಿಂತಿದ್ದರು. ಒಬ್ಬನನ್ನು ಎಲ್ಲರೂ ಗೂಳಿ ಎನ್ನುತ್ತಿದ್ದರು. ಇನ್ನೊಬ್ಬ ಆಯಮ್ಮನ ಮಗ. ಇಬ್ಬರೂ ವಾಡಿಕೆ ಮರೆಯದೆ ಕಂಕುಳಲ್ಲಿ ಕೊರಡು ಇಟ್ಟುಕೊಂಡೇ ಬಂದಿದ್ದರು. ಸಾಹೇಬನಿಗೆ ಅದನ್ನು ಕಂಡು ಮೈ ಉರಿಯಿತು.

"ಒಲೆ ಹೊತ್ಕೊಂಡು ಹೋಗ್ರೋ ಅಂದ್ರೆ ಸೌದೆ ಹೊತ್ಕೊಂಡು ಬಂದಿದ್ದೀರಲ್ಲೋ, ಬೇವರ್ಸಿಗಳಾ! ಎತ್ರೋ!"

ಗೂಳಿ ಒಲೆಯ ಬಳಿ ಹೋಗಿ ಅಂಗೈಯನ್ನು ಹತ್ತಿರ ಹಿಡಿದು ಹಿಂದಕ್ಕೆಳೆದುಕೊಂಡ. "ನಿಗಿನಿಗಿ ಅಂತಿದೆ ಸ್ವಾಮಿ. ಮುಟ್ಟಿದ್ರೆ ಚರ್ಮ ಇಲ್ಲೇ ಅಂಟ್ಕೊಳ್ಳುತ್ತೆ. ನೀವು ಆ ಕಡೆ ಹಿಡಿದ್ರೆ ನಾನು ಈ ಕಡೆ ಹಿಡೀತೀನಿ."

ಪರದೆಯ ಹಿಂದೆ ನರಳುತ್ತಿದ್ದವಳು ಕೂಡ ಅರೆಗಳಿಗೆ ನಕ್ಕಂತೆ ಕೇಳಿಸಿತು.

ನರ್ಸಮ್ಮ ತಲೆ ಹೊರಗೆ ಹಾಕಿದಳು. "ಸಾರ್, ಮಗು ಅಡ್ಡ ತಿರುಗಿದೆ, ಸರಿಯಾಗಿ ತಿರುಗಿಸ್ಬೇಕು, ಹೊತ್ತು ಹಿಡಿಯುತ್ತೆ. ಈ ಚಳೀಲಿ ಒಲೆ ತೆಗೆದ್ರೆ ತಾಯೀನೂ ಉಳಿಯಲ್ಲ, ಮಗೂನೂ ಉಳಿಯಲ್ಲ."

"ನಾಯಿ ಹಂದಿ ಹಿಮದಲ್ಲೇ ಹೆರೋದಿಲ್ವಾ? ಅವಕ್ಕೆಲ್ಲಾ ಸರ್ಕಾರ ಒಲೆ ಕೊಟ್ಟಿದೆಯಾ?"

ಆಯಮ್ಮ ಮಗನ ಕಂಕುಳಿಂದ ಕೊರಡನ್ನು ಎಳೆದುಕೊಂಡಳು; ಒಲೆಯ ಬಾಗಿಲು ತೆರೆದು ಅದನ್ನೂ ಒಳಕ್ಕಿಟ್ಟಳು.

"ಬಿಸಿ ಒಲೇನ ಯಾರಿಂದ್ಲೂ ಹೊರೋಕಾಗಲ್ಲ ಸಾಹೇಬ್ರೇ. ಅದು ತಣ್ಣಗಾಗೋವರೆಗೂ ಕಾಯಿರಿ. ತಣ್ಣಗಾಗೋಕೆ ನಾನು ಬಿಡಲ್ಲ."

ಅಷ್ಟರಲ್ಲಿ ಹೊರಗೆ ಹೆಜ್ಜೆಗಳ ಸದ್ದಾಯಿತು. ಸುದ್ದಿ ಮನೆಮನೆಗೂ ಮುಟ್ಟಿತ್ತು. ಒಬ್ಬಳು ಮುರಿದ ಮಣೆ ತಂದಳು, ಇನ್ನೊಬ್ಬಳು ಮಂಚದ ಕಾಲು ತಂದಳು. ಕೆಮ್ಮುವ ಮುದುಕನೊಬ್ಬ ತನ್ನ ಊರುಗೋಲನ್ನೇ ರಾಶಿಗೆ ಹಾಕಿ ಗೋಡೆ ಹಿಡಿದು ನಿಂತ.

"ಅಜ್ಜಾ, ನಾಳೆ ಹೇಗೆ ನಡೀತೀಯಾ?" ಎಂದ ಗೂಳಿ.

"ನಿನ್ನ ಹೆಗಲು ಯಾತಕ್ಕಿದೆಯೋ, ಮುಂಡೇದೆ?"

ಸಾಹೇಬ ಮೂಲೆಯಲ್ಲಿದ್ದ ಬಕೆಟ್ಟನ್ನು ಆಯಮ್ಮನ ಮಗನ ಕಾಲ ಬಳಿಗೆ ಒದ್ದ. "ನೀರು ತಂದು ಒಲೆ ಮೇಲೆ ಹುಯ್ಯೋ. ಇಲ್ದಿದ್ರೆ ನಾಳೆಯಿಂದ ಗಣಿ ಕಡೆ ತಲೆ ಹಾಕ್ಬೇಡ. ಗುಡಿಸಲೂ ಖಾಲಿ ಮಾಡು."

ಗುಡಿಸಲು ಗಣಿಯವರದು, ಗಣಿಯವರು ಸಾಹೇಬನ ಮಾತು ಮೀರುತ್ತಿರಲಿಲ್ಲ. ಮಗ ಬಕೆಟ್ಟು ಎತ್ತಿಕೊಂಡು ಹೊರಗೆ ಹೋದ. ಹಿಂದಿನ ಚಳಿಗಾಲದಲ್ಲಿ ಇದೇ ಗಣಿಯವರ ಬೆದರಿಕೆಗೆ ತಲೆಬಾಗಿ ಗಾಯದ ಕಾಲಿನಲ್ಲೇ ಕೆಲಸಕ್ಕೆ ಹೋಗಿದ್ದವನು ಅವನು. ತಣ್ಣೀರು ಬಿದ್ದರೆ ಕಾದ ಕಬ್ಬಿಣ ಸೀಳಿಹೋಗುತ್ತದೆ. ಆಮೇಲೆ ಒಲೆ ಇಲ್ಲಿಗೂ ಇಲ್ಲ, ಅಲ್ಲಿಗೂ ಇಲ್ಲ. ತುಂಬಿದ ಬಕೆಟ್ಟಿನೊಂದಿಗೆ ಅವನು ಮರಳಿದಾಗ ಅವಳು ಒಲೆಗೆ ಅಡ್ಡವಾಗಿ ನಿಂತಳು.

"ನನ್ನ ಮೇಲೆ ಹುಯ್ಯಿ ಮೊದ್ಲು."

"ಸರ್ಕೊ ಅವ್ವ."

"ಸರ್ಕೊಳಲ್ಲ."

"ಸರ್ಕೊ ಅಂದ್ನಲ್ಲ. ಕೈ ಸೋಲ್ತಾ ಇದೆ."

ಅವನ ಮುಖ ನೋಡಿ ಅವಳು ಸರಿದಳು. ಅವನು ಬಕೆಟ್ಟನ್ನು ಹಾಗೆಯೇ ಒಲೆಯ ಮೇಲಿಟ್ಟು, ಪರದೆಯ ಕಡೆ ತಿರುಗಿ ಕೂಗಿದ:

"ನರ್ಸಮ್ಮ, ಬಿಸಿನೀರು ಬೇಕಂತಿದ್ರಲ್ಲ, ಕಾಯ್ತಾ ಇದೆ."

ಸಾಹೇಬನ ಬಾಯಿಂದ ಹೊರಟ ಬೈಗುಳಗಳಲ್ಲಿ ಅಲ್ಲಿದ್ದವರ ತಾಯಂದಿರೆಲ್ಲರೂ ಬಂದು ಹೋದರು. ಬಾಗಿಲನ್ನು ದಡಾರನೆ ಎಳೆದುಕೊಂಡು ಅವನು ಲಾರಿಯತ್ತ ನಡೆದ. ಲಾರಿಯ ಹಾರ್ನು ಕೂಗತೊಡಗಿತು, ಕೂಗುತ್ತಲೇ ಇತ್ತು. ಹಿಮ ಬೀಳತೊಡಗಿತು. ಹಾರ್ನು ನಿಂತಿತು.

ಬಾಗಿಲು ಮತ್ತೆ ತೆರೆದಾಗ ಹೊಸ್ತಿಲಲ್ಲಿ ಸಾಹೇಬ ನಡುಗುತ್ತಿದ್ದ. "ಗಾಡಿ ಎಂಜಿನ್ನು ಹೆಪ್ಪುಗಟ್ಟಿದೆ," ಎಂದ. ಅವನ ಹಿಂದೆ ಲಾರಿಯ ಡ್ರೈವರನಿದ್ದ.

ಆಯಮ್ಮ ಸಾಹೇಬನ ಮುಖ ನೋಡಲಿಲ್ಲ. ಕೈ ನೋಡಿದಳು.

"ಕೊರಡು?"

ಸಾಹೇಬ ಹಲ್ಲು ಕಡಿದ. ಡ್ರೈವರ ಲಾರಿಯತ್ತ ಹಿಂದಿರುಗಿದ. ಹೊರಗೆ ಮರ ಸೀಳಿದ ಸದ್ದು ಕೇಳಿಸಿತು. ಲಾರಿಯ ಹಿಂಬದಿಯ ಹಲಗೆಯನ್ನು ಅವನು ಎದೆಗವಚಿಕೊಂಡು ಬಂದ. ಅದರ ಮೇಲೆ ಬಿಳಿ ಬಣ್ಣದಲ್ಲಿ ಇಲಾಖೆಯ ಅರ್ಧ ಹೆಸರಿತ್ತು.

"ಇದು ನನ್ನದು, ಆಯಮ್ಮ," ಎಂದ.

"ನೀನು ಬಾರಪ್ಪ, ಕಾಯಿಸ್ಕೋ."

ಹಲಗೆ ಉದ್ದವಾಗಿತ್ತು, ಒಲೆಯ ಬಾಗಿಲು ಮುಚ್ಚಲಿಲ್ಲ. ಪರದೆಯ ಆಚೆ ಸೊಸೆ ಹಲ್ಲು ಕಚ್ಚಿ ಮುಕ್ಕಿದಳು. ಆಯಮ್ಮ ಬಿಳಿ ಅಕ್ಷರಗಳನ್ನು ಒಂದೊಂದಾಗಿ ಬೆಂಕಿಯೊಳಕ್ಕೆ ನೂಕುತ್ತ, ಹೊಸ್ತಿಲಿನ ಕಡೆ ತಿರುಗದೆ ಹೇಳಿದಳು:

"ಲಾರೀಲಿ ಇನ್ನೂ ಹಲಗೆ ಇದೆ, ಸಾಹೇಬ್ರೇ."