ಪುಟ್ಟಿಯ ಗೆರೆ

ನರ್ಸರಿಯಲ್ಲಿ ಅವನನ್ನು ಎಲ್ಲರೂ ಕಸಿಯಣ್ಣ ಅಂತಲೇ ಕರೆಯುವುದು. ಎರಡು ಗಿಡಗಳನ್ನು ಕೂಡಿಸಿ ಒಂದು ಮಾಡುವುದರಲ್ಲಿ ಎತ್ತಿದ ಕೈ. ಮನೆಯಲ್ಲಿ ಮಾತ್ರ ಹೆಂಡತಿಯ ಜೊತೆ ಎರಡು ಮಾತು ಕೂಡಿಸಲು ಬಾರದು. ಪುಟ್ಟಿ ಹೋದ ಮೇಲಂತೂ ಆ ಮನೆಯಲ್ಲಿ ಮಾತಿಗೇ ಬರ.

ಪುಟ್ಟಿ ಅಂದರೆ ಅವರ ಒಬ್ಬಳೇ ಮಗಳು. ಹಿತ್ತಲ ಮಾವಿನ ಮರಕ್ಕೆ ಅವಳನ್ನು ಒರಗಿಸಿ ನಿಲ್ಲಿಸಿ, ತಲೆಯ ಮಟ್ಟಕ್ಕೆ ಚಾಕುವಿನಿಂದ ಗೆರೆ ಎಳೆದವನು ಅವನೇ. ಆಮೇಲೆ ಜ್ವರ ಬಂತು, ಆಸ್ಪತ್ರೆಯಾಯಿತು. ಮಗು ಉಳಿಯುವುದಿಲ್ಲ ಎಂದು ಡಾಕ್ಟರು ಅವನೊಬ್ಬನಿಗೇ ಹೇಳಿದರು. ಅವನು ಅದನ್ನು ನುಂಗಿಕೊಂಡ. ಮಗಳ ಕೆನ್ನೆ ಕೆಂಪಗಿದೆ, ಹುಷಾರಾಗುತ್ತಿದ್ದಾಳೆ ಎಂದು ಹೆಂಡತಿ ಹೊಸ ಚಪ್ಪಲಿ ತಂದಿಟ್ಟಿದ್ದಳು. "ಗೊತ್ತಿದ್ದೂ ನಂಗೆ ಹೇಳ್ಲಿಲ್ಲ ನೀವು." ಮಗಳು ಹೋದ ಮೇಲೆ, ಡಾಕ್ಟರಿಂದ ವಿಷಯ ತಿಳಿದು ಅವಳು ಆಡಿದ್ದು ಅದೊಂದೇ ಮಾತು. ಅದು ಇಬ್ಬರ ನಡುವೆ ಗೋಡೆಯಾಗಿ ನಿಂತುಬಿಟ್ಟಿತು.

ಒಂದು ಸಂಜೆ ಅವನು ಮನೆಗೆ ಬಂದಾಗ ಅವಳು ಹಿತ್ತಲಲ್ಲಿದ್ದಳು. ಕೈಯಲ್ಲಿ ಅವನದೇ ಕಸಿ ಚಾಕು, ಬೆರಳಿಗೆಲ್ಲ ಸೊನೆ.

"ಗೆರೆ ಮಾಸಿ ಹೋಗ್ತಿತ್ತು ರೀ. ಅಡುಗೆಮನೆ ಕಿಟಕಿಗೂ ಕಾಣ್ಲಿ ಅಂತ ಸುತ್ತಲೂ ತೆಗೆದೆ. ಚೆನ್ನಾಗಿ ಕಾಣುತ್ತೆ ಅಲ್ವಾ?"

ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ಗೆಲುವಿತ್ತು. ಅವನು ಬಗ್ಗಿ ನೋಡಿದ. ಎರಡು ಬೆರಳಗಲ ತೊಗಟೆ ಕಾಂಡದ ಸುತ್ತ ಬಳೆಯಂತೆ ಕಿತ್ತುಹೋಗಿ, ಬಿಳಿಯ ಮರ ಕಾಣುತ್ತಿತ್ತು.

ಬೇರು ಹೀರಿದ ನೀರು ಒಳಗಿನ ಮರದಲ್ಲಿ ಮೇಲೇರುತ್ತದೆ, ಅದಕ್ಕೇನೂ ಆಗಿಲ್ಲ. ಆದರೆ ಎಲೆ ಬಿಸಿಲಿನಲ್ಲಿ ಮಾಡಿದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ. ಅವಳು ಕಿತ್ತದ್ದು ಅದನ್ನೇ. ಇನ್ನು ಕೆಲವು ತಿಂಗಳು ಮೇಲೆ ಎಲ್ಲ ಹಸಿರಾಗಿಯೇ ಇರುತ್ತದೆ, ಕೆಳಗೆ ಬೇರು ಉಪವಾಸ ಬಿದ್ದು ಸಾಯುತ್ತಿರುತ್ತದೆ.

ಚೆನ್ನಾಗಿದೆ ಅಂದುಬಿಟ್ಟರೆ ಆ ಗೆಲುವು ಇನ್ನಷ್ಟು ದಿನ ಉಳಿಯುತ್ತಿತ್ತು. ಮಾತು ತುಟಿಯವರೆಗೂ ಬಂದಿತ್ತು. ಪುಟ್ಟಿಗೆಂದು ತಂದಿಟ್ಟಿದ್ದ ಆ ಹೊಸ ಚಪ್ಪಲಿಗಳು ಕಣ್ಣಿಗೆ ಕಟ್ಟಿದವು. ಅವನು ಎಲ್ಲವನ್ನೂ ಬಿಡಿಸಿ ಹೇಳಿದ.

"ಎಲೆ ಹಸಿರಾಗೇ ಇದೆಯಲ್ಲ..." ಎಂದವಳು ಅಲ್ಲೇ ಕುಸಿದು ಕುಳಿತಳು. "ನನ್ನ ಕೈಯಾರೆ ನಾನೇ ಕೊಂದ್ನಾ?"

"ಗೆರೆ ಮೊದಲು ಎಳೆದೋನು ನಾನು ಕಣೇ. ಏಳು, ಕಸಿ ಕಟ್ಟಿ ನೋಡೋಣ, ಕಡ್ಡಿ ಹಿಡ್ಕೋ ಬಾ."

ಅದೇ ಮರದ ಎಳೆ ಕಡ್ಡಿಗಳನ್ನು ಕೊಯ್ದು, ಒಂದು ತುದಿಯನ್ನು ಗಾಯದ ಕೆಳಗಿನ ತೊಗಟೆಗೆ, ಇನ್ನೊಂದನ್ನು ಮೇಲಿನದಕ್ಕೆ ಸಿಕ್ಕಿಸಿದ. ಒಳಗಿನ ಬೆಳೆಯುವ ಪದರಗಳು ಒಂದಕ್ಕೊಂದು ತಾಗಿ ಕೂಡಿಕೊಂಡರೆ ಆಹಾರಕ್ಕೆ ದಾರಿಯಾಗುತ್ತದೆ. ಅವಳು ಹಿಡಿದಳು, ಅವನು ಕಟ್ಟಿದ.

"ಬದುಕುತ್ತಾ?"

"ಕಷ್ಟ."

ಅಂದಿನಿಂದ ದಿನಾ ಬೆಳಿಗ್ಗೆ ಇಬ್ಬರೂ ಕಾಫಿ ಲೋಟ ಹಿಡಿದು ಮರದ ಹತ್ತಿರ ನಿಲ್ಲುತ್ತಿದ್ದರು. ಕಡ್ಡಿಗಳು ಒಣಗಿದವು. ಮತ್ತೆ ಕಟ್ಟಿದರು. ಅವೂ ಹಿಡಿಯಲಿಲ್ಲ.

ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ಅವನು ಸಸಿಗಳಿಗೆ ನೀರು ಬಿಡುತ್ತಿದ್ದಾಗ, ಎಂದೂ ನರ್ಸರಿಯ ಕಡೆ ತಲೆ ಹಾಕದ ಹೆಂಡತಿ ಗೇಟು ದಾಟಿ ಬಂದಳು.

"ಎಲೆ ಎಲ್ಲಾ ಬಾಡಿದೆ ರೀ. ಮನೆಗೆ ಬಂದು ನೀವೊಬ್ರೇ ನೋಡೋದು ಬೇಡ ಅಂತ ಹೇಳೋಕೆ ಬಂದೆ."

ಪೈಪು ಕೈಜಾರಿತು. ಮಗಳು ಹೋದಾಗ ಒಂದು ಹನಿ ಕಣ್ಣೀರು ಹಾಕದಿದ್ದವನು, ಕೆಲಸದವರೆಲ್ಲ ನೋಡುತ್ತಿರುವಂತೆಯೇ, ಹೆಂಡತಿಯ ಹೆಗಲಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ.