ಸಪ್ಪೆ ಬನ್ನು

ಅತ್ತಿಗೆ ನಾದಿನಿ ಎಂದರೆ ಹಾವು ಮುಂಗುಸಿ ಎಂದು ನಂಬಿದವರು ಒಮ್ಮೆ ಮಧ್ಯಾಹ್ನದ ಚಹಾ ಹೊತ್ತಿಗೆ ಅಂಥ ಇಬ್ಬರು ಸೇರಿ ನಡೆಸುತ್ತಿದ್ದ ಹೊಲಿಗೆ ಅಂಗಡಿಗೆ ಬರಬೇಕಿತ್ತು. ಎರಡೂ ಮೆಷಿನ್ನು ಒಟ್ಟಿಗೆ ನಿಲ್ಲುತ್ತಿದ್ದವು. ನಾದಿನಿ ಎದುರಿನ ಬೇಕರಿಯಿಂದ ಒಂದು ಕ್ರೀಮ್ ಬನ್ ತರುತ್ತಿದ್ದಳು. ಅತ್ತಿಗೆ ಅದನ್ನು ಕಾಲರಿನ ಬಟ್ಟೆ ಕತ್ತರಿಸುವಷ್ಟೇ ಶ್ರದ್ಧೆಯಿಂದ ಎರಡು ಮಾಡುತ್ತಿದ್ದಳು. ಕ್ರೀಮ್ ಹೆಚ್ಚಾಗಿ ಅಂಟಿದ ಅರ್ಧ ಯಾರಿಗೆ ಎಂಬ ಜಗಳ ಬೇರೆ. ತೋಳು ಬಿಗಿಯಾಯಿತು, ಉದ್ದ ಕಮ್ಮಿಯಾಯಿತು ಎಂದು ಗಿರಾಕಿಗಳಿಂದ ಬೈಸಿಕೊಂಡ ದಿನಕ್ಕೆ ಆ ನಾಲ್ಕು ತುತ್ತೇ ಹಬ್ಬ.

“ದಿನಾ ಅದೇ ಬನ್ನು, ಬೇಜಾರಾಗಲ್ವಾ?” ಎಂದು ಗಂಡ ಕೇಳಿದರೆ, “ದಿನಾ ನಿಮ್ಮ ಮುಖಾನೇ ನೋಡ್ತೀನಿ, ಬೇಜಾರಾಯ್ತು ಅಂದಿದ್ದೀನಾ?” ಎನ್ನುತ್ತಿದ್ದಳು ಅತ್ತಿಗೆ.

ಒಮ್ಮೆ ಅವಳಿಗೆ ಕೆಟ್ಟ ನೆಗಡಿ ಬಂತು. ಜ್ವರ, ಗಂಟಲು ನೋವು, ಹಾಸಿಗೆ. ಊಟ ಸೇರುತ್ತಿರಲಿಲ್ಲ, ನೆಗಡಿಯಲ್ಲಿ ಅದು ಇದ್ದದ್ದೇ ಎಂದು ಸುಮ್ಮನಿದ್ದಳು. ವಾಸಿಯಾಗಿ ಅಂಗಡಿಗೆ ಬಂದ ಮೊದಲ ದಿನ ಬನ್ನಿಗೆ ಬೆಳಗಿನಿಂದಲೇ ಕಾದಿದ್ದಳು. ದೊಡ್ಡ ಅರ್ಧವನ್ನು ನಾದಿನಿಯೇ ಮುಂದಿಟ್ಟಳು. ಅತ್ತಿಗೆ ಕಣ್ಣು ಮುಚ್ಚಿ ಕಚ್ಚಿದಳು.

ಒದ್ದೆ ಹತ್ತಿ ಅಗಿದಂತಾಯಿತು. ಇನ್ನೊಮ್ಮೆ ಕಚ್ಚಿದಳು. ಅದೇ ಹತ್ತಿ.

ಬನ್ನು ಹಿಡಿದುಕೊಂಡೇ ರಸ್ತೆ ದಾಟಿ ಬೇಕರಿಗೆ ನುಗ್ಗಿದಳು. ಗಿರಾಕಿಗಳು ತುಂಬಿದ್ದರು.

“ಏನಪ್ಪಾ ಇದು? ಸಕ್ಕರೆ ಹಾಕೋದು ಮರೆತ್ಯೋ, ಇಲ್ಲ ಉಳಿಸ್ತಿದ್ದೀಯೋ? ಜನರ ಬಾಯಿಗೆ ಮಣ್ಣು ಹಾಕ್ತೀಯಾ?”

ಬೇಕರಿಯವನು ತಬ್ಬಿಬ್ಬಾದ. ಅವಳ ಕೈಯಿಂದಲೇ ಚೂರು ಮುರಿದು ಬಾಯಿಗೆ ಹಾಕಿಕೊಂಡ. “ಅಕ್ಕ, ಸಿಹಿಯಾಗೇ ಇದೆಯಲ್ಲ?” ಪಕ್ಕದಲ್ಲಿದ್ದ ಮುದುಕರೊಬ್ಬರೂ ತಿಂದು ತಲೆಯಾಡಿಸಿದರು. “ನನಗೆ ಸ್ವಲ್ಪ ಹೆಚ್ಚೇ ಅನ್ನಿಸ್ತು ತಾಯಿ.”

“ಎಲ್ಲರೂ ಸೇರಿ ನನ್ನ ಆಟ ಆಡಿಸ್ತೀರಾ?”

ಬೇಕರಿಯವನು ಡಬ್ಬಿಯಿಂದ ಒಂದು ಚಮಚ ಸಕ್ಕರೆ ತೆಗೆದು ಅವಳ ಅಂಗೈಗೆ ಸುರಿದ. ಅವಳು ನೆಕ್ಕಿದಳು. ಮರಳು. ಹಲ್ಲಿಗೆ ಸಿಕ್ಕಿ ಕರಕರ ಎಂದಿತೇ ಹೊರತು ನಾಲಿಗೆಗೆ ಏನೂ ತಲುಪಲಿಲ್ಲ. ಅಂಗೈಯಲ್ಲಿ ಉಳಿದದ್ದನ್ನೂ ನೆಕ್ಕಿದಳು. ಹಿಂದೆಯೇ ಓಡಿ ಬಂದ ನಾದಿನಿ ಅವಳನ್ನು ತಬ್ಬಿ ಅಂಗಡಿಗೆ ಕರೆತಂದಳು.

“ಅತ್ತಿಗೆ, ಒಂದು ವಿಷಯ ಹೇಳ್ತೀನಿ, ಬೈಬೇಡಿ,” ಎಂದಳು. ಕಪಾಟಿನ ಹಿಂದೆ ಬಚ್ಚಿಟ್ಟಿದ್ದ ಒಂದು ಕೋಟನ್ನು ತಂದಳು. ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆಯ ಕಪ್ಪು ಅಚ್ಚು. “ಬೆಳಿಗ್ಗೆ ಇಸ್ತ್ರಿ ಇದರ ಮೇಲೇ ಬಿಟ್ಟಿದ್ರಿ. ಬಾಗಿಲಲ್ಲಿ ಕಾಲಿಡುವಾಗಲೇ ನನಗೆ ಸುಟ್ಟ ಕಮಟು ಬಡೀತು. ನೀವು ಪಕ್ಕದಲ್ಲೇ ಬೆನ್ನು ಹಾಕಿ ಗುಂಡಿ ಹೊಲೀತಿದ್ರಿ.”

ಅತ್ತಿಗೆ ಕೋಟನ್ನು ಮೂಗಿಗೆ ಒತ್ತಿ ಹಿಡಿದು ಉಸಿರೆಳೆದಳು. ಏನೂ ಇಲ್ಲ. ಅಂಗಡಿಯೇ ಉರಿದುಹೋಗಿದ್ದರೂ ತಿಳಿಯುತ್ತಿರಲಿಲ್ಲ ಎಂದುಕೊಂಡಳು.

ಡಾಕ್ಟರು ನಾಲಿಗೆ, ಮೂಗು ನೋಡಿದರು. ನೆಗಡಿ ನರಗಳಿಗೆ ಪೆಟ್ಟು ಕೊಟ್ಟಿದೆ ಎಂದರು. “ಬರುತ್ತಾ?” ಎಂದು ಕೇಳಿದ್ದಕ್ಕೆ, “ಹೆಚ್ಚಿನವರಿಗೆ ಬರುತ್ತಮ್ಮ. ಯಾವಾಗ ಅಂತ ನಾನು ಹೇಳಲಾರೆ,” ಎಂದರು.

ಬೇಕರಿಯವನ ಹತ್ತಿರ ಹೋಗಿ ತಪ್ಪಾಯಿತು ಎಂದು ಬಂದಳು. ಆಮೇಲೆ ಮಧ್ಯಾಹ್ನ ಮೆಷಿನ್ನು ನಿಲ್ಲಿಸುವುದನ್ನೇ ಬಿಟ್ಟಳು. ನಾದಿನಿಯೂ ಬನ್ನು ತರುವುದನ್ನು ಬಿಟ್ಟಳು. ಅದು ಗೊತ್ತಾದ ದಿನ ಅತ್ತಿಗೆ ರೇಗಿದಳು.

“ನನ್ನ ನಾಲಿಗೆ ಸತ್ತರೆ ನಿನ್ನ ನಾಲಿಗೆಗ್ಯಾಕೆ ಶೋಕ? ಹೋಗು, ತಗೊಂಡು ಬಾ. ನನ್ನ ಎದುರಿಗೇ ತಿನ್ನು. ಹೇಗಿದೆ ಅಂತ ಹೇಳು.”

“ಚೆನ್ನಾಗಿದೆ ಅತ್ತಿಗೆ.”

“ಚೆನ್ನಾಗಿದೆ ಅಂದ್ರೆ? ಸರಿಯಾಗಿ ಹೇಳೇ!”

ಮಾತು ಕಮ್ಮಿಯ ಹುಡುಗಿ ಪಾಪ ತಡಕಾಡಿದಳು. “ಕ್ರೀಮು ಸ್ಯಾಟಿನ್ ತರ ಜಾರುತ್ತೆ. ಆಮೇಲೆ ಬನ್ನು ಸಿಗುತ್ತೆ, ಹಳೇ ಕಾಟನ್ ತರ ಮೆತ್ತಗೆ. ಕೊನೇಲಿ ಸ್ವಲ್ಪ ಉಪ್ಪು.”

“ಉಪ್ಪಾ? ಇಷ್ಟು ವರ್ಷ ತಿಂದರೂ ನನಗೆ ಗೊತ್ತೇ ಆಗಲಿಲ್ಲವಲ್ಲೇ!” ಅತ್ತಿಗೆ ಬಹಳ ದಿನಗಳ ಮೇಲೆ ನಕ್ಕಳು. ಅಂದಿನಿಂದ ಒಬ್ಬಳು ತಿನ್ನುವುದು, ಇನ್ನೊಬ್ಬಳು ಕೇಳುವುದು ಅಭ್ಯಾಸವಾಯಿತು. ಜೊತೆಗೆ ಅತ್ತಿಗೆ ದಿನಕ್ಕೊಂದು ಚೂರು ಬಾಯಿಗೆ ಹಾಕಿಕೊಂಡು, ಇನ್ನೂ ಇಲ್ಲ ಎಂದು ತಲೆಯಲ್ಲಾಡಿಸಿ ನುಂಗುತ್ತಿದ್ದಳು.

ಒಂದು ಮಧ್ಯಾಹ್ನ ಹಾಗೆ ಹಾಕಿಕೊಂಡವಳು “ಥೂ!” ಎಂದು ಉಗುಳಿದಳು. “ಸೀಮೆಎಣ್ಣೆ! ಬನ್ನಿಗೆ ಸೀಮೆಎಣ್ಣೆ ಚೆಲ್ಲಿದ್ದಾನೆ ಆ ಹಾಳಾದ—”

ಮಾತು ಅಲ್ಲೇ ನಿಂತಿತು. ಕೈ ಬಾಯಿಗೆ ಹೋಯಿತು. ನಾದಿನಿ ಗಾಬರಿಯಿಂದ ಉಳಿದದ್ದನ್ನು ಕಚ್ಚಿ ನೋಡಿದಳು. “ಇಲ್ಲ ಅತ್ತಿಗೆ, ಸಿಹಿಯಾಗೇ...” ಅವಳೂ ನಿಂತಳು. ಇಬ್ಬರೂ ಒಬ್ಬರನ್ನೊಬ್ಬರು ಮಿಕಿಮಿಕಿ ನೋಡಿದರು.

“ಗಬ್ಬು ರುಚಿ ಕಣೇ!” ಅತ್ತಿಗೆಯ ಕಣ್ಣಿಂದ ನೀರು ದಳದಳ ಇಳಿಯಿತು. “ಇಷ್ಟು ಕೆಟ್ಟದ್ದು ನಾನು ಜನ್ಮದಲ್ಲೇ ತಿಂದಿಲ್ಲ. ಇನ್ನೊಂದು ಚೂರು ಕೊಡು!”

ಸದ್ದು ಕೇಳಿ ಬೇಕರಿಯವನೇ ಓಡಿ ಬಂದ. “ಅಕ್ಕ, ಇವತ್ತೇನು ತಪ್ಪಾಯ್ತು?”

“ಸೀಮೆಎಣ್ಣೆ ತರ ಇದೆ ಕಣಪ್ಪಾ. ನಾಳೆನೂ ಹೀಗೇ ಮಾಡು!”

ಎಚ್ಚರಗೊಳ್ಳುವ ನರಗಳು ಮೊದಮೊದಲು ಹೀಗೆ ಸುಳ್ಳು ಹೇಳುತ್ತವೆ ಎಂದು ಆಮೇಲೆ ಡಾಕ್ಟರು ತಿಳಿಸಿದರು. ಸೀಮೆಎಣ್ಣೆ ಹೋಗಿ ಸೋಪು ಬಂತು, ಸೋಪು ಹೋಗಿ ಸುಟ್ಟ ರಬ್ಬರು ಬಂತು. ಮೂಗು ಮುರಿಯುತ್ತಲೇ ಅವಳು ತನ್ನ ಅರ್ಧವನ್ನು ಪೂರ್ತಿ ತಿನ್ನುತ್ತಿದ್ದಳು. ಸಿಹಿ ಎಲ್ಲಕ್ಕಿಂತ ತಡವಾಗಿ, ತೀರಾ ತೆಳ್ಳಗೆ ಬಂತು. ಅವತ್ತು ಅವಳು ಯಾರಿಗೂ ಹೇಳದೆ ನಿಧಾನವಾಗಿ ಅಗಿದಳು.